ಪುಟ್ಟಸ್ವಾಮಿ ಕೇಳಿದ ಒಂದು ಹೋಳು ಕರಬೂಜ

ಮಾದಿಹಳ್ಳಿಯಲ್ಲಿ ಯಾರಿಗಾದರೂ ಉರಿಮೂತ್ರ ಕಂಡರೆ ಮೊದಲು ಮುದ್ದಮ್ಮನ ಮನೆಯ ಬಾಗಿಲಿಗೆ ಬರುತ್ತಿದ್ದರು. ಒಣಗಿಸಿದ ಕರಬೂಜದ ಬೀಜ ಅವಳ ಡಬ್ಬಿಯಲ್ಲಿ ವರ್ಷವಿಡೀ ಇರುತ್ತಿತ್ತು. ಒಂದು ಹಿಡಿ ನೆನೆಸಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಕಲ್ಲುಸಕ್ಕರೆ ಬೆರೆಸಿ ಕೊಡುವಳು. ಉರಿ ಇಳಿಯಿತು ಎಂದು ಹೇಳಿ ಹೋಗಲು ಬರುವವರೂ ಕಡಿಮೆಯಿರಲಿಲ್ಲ. ಇದನ್ನು ಕಲಿಸಿದವಳು ಅವಳ ಅತ್ತೆ. ಭತ್ತದ ಕೊಯ್ಲು ಮುಗಿದ ಮೇಲೆ ಕೆರೆಯಂಚಿನ ಹತ್ತು ಗುಂಟೆಯಲ್ಲಿ ಬೀಜ ಊರುವುದು, ಕಾಯಿ ನೆಲಕ್ಕೆ ತಾಗಿ ಕೊಳೆಯದಂತೆ ಬಳ್ಳಿಯ ಕೆಳಗೆ ಹುಲ್ಲು ಹಾಸುವುದು, ಎಳೆಗಾಯಿಗೆ ಸಾಸಿವೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವುದು, ಎಲ್ಲವೂ ಅತ್ತೆಯಿಂದಲೇ ಬಂದದ್ದು. ಹಣ್ಣಾದರೆ ತಿರುಳನ್ನು ಹಿಚುಕಿ, ಬೆಲ್ಲ ಏಲಕ್ಕಿ ಹಾಕಿ ಪಾನಕ. ಗಂಡ ಪುಟ್ಟಸ್ವಾಮಿಗೆ ಆ ಪಾನಕವೆಂದರೆ ಪ್ರಾಣ. ಬೇಸಿಗೆಯಲ್ಲಿ ಹೊಲದಿಂದ ಬಂದವನು ಊಟಕ್ಕೆ ಮೊದಲು ಅದನ್ನೇ ಕೇಳುತ್ತಿದ್ದ, ಚೊಂಬಿನ ತಳದ ತಿರುಳನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದ.

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ಅವನ ಕಾಲು ಊದಿಕೊಂಡಿತು. ಬೆಳಿಗ್ಗೆ ಎದ್ದರೆ ಮುಖವೂ ದಪ್ಪಗಿರುತ್ತಿತ್ತು. ಮುದ್ದಮ್ಮ ತನಗೆ ಗೊತ್ತಿದ್ದನ್ನೇ ಮಾಡಿದಳು. ದಿನಕ್ಕೆರಡು ಸಲ ಬೀಜ ಅರೆದು ಕುಡಿಸಿದಳು. ಒಂದು ತಿಂಗಳಾಯಿತು, ಎರಡಾಯಿತು, ಊತ ಇಳಿಯಲಿಲ್ಲ. ಈ ನಡುವೆ ಎಂದಿನಂತೆ ಕೆರೆಯಂಚಿನಲ್ಲಿ ಬೀಜ ಊರಿಯೂ ಬಂದಳು. ಸಂಕ್ರಾಂತಿ ಕಳೆದು ಅವನಿಗೆ ಉಸಿರಾಟವೇ ಕಷ್ಟವಾದಾಗ ಮಗಳು ನಂದಿತಾ ಕಾರು ಮಾಡಿಸಿ ಹಾಸನಕ್ಕೆ ಕರೆದೊಯ್ದಳು. ಎರಡೂ ಕಿಡ್ನಿ ಕೆಟ್ಟಿವೆ ಎಂದರು ಅಲ್ಲಿನ ಡಾಕ್ಟರು. ಎಷ್ಟೋ ವರ್ಷದಿಂದ ಗೊತ್ತೇ ಆಗದೆ ಇದ್ದ ಬಿಪಿ ಅವನ್ನು ಒಳಗೊಳಗೇ ತಿಂದುಹಾಕಿತ್ತು.

"ನಾನು ಬೀಜ ಅರೆದು ಕುಡಿಸ್ದೆ ಸಾ. ಅದ್ರಿಂದ ಹಿಂಗಾಯ್ತಾ?" ಎಂದು ಮುದ್ದಮ್ಮ ಕೇಳಿದಳು.

"ಅದರಿಂದ ಬಂದಿದ್ದಲ್ಲಮ್ಮ. ಆದ್ರೆ ಎರಡು ತಿಂಗಳು ಮುಂಚೆ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು."

ಮೊದಲ ಮಾತನ್ನು ನಂದಿತಾ ಎಷ್ಟು ಸಲ ನೆನಪಿಸಿದರೂ ಮುದ್ದಮ್ಮನ ಕಿವಿಯಲ್ಲಿ ಉಳಿದದ್ದು ಎರಡನೆಯದು. ಆಮೇಲೆ ಪಕ್ಕದ ಬೀದಿಯ ಜಾನಕಮ್ಮ ಉರಿಮೂತ್ರವೆಂದು ಬೀಜ ಕೇಳಲು ಬಂದಾಗ, "ಮೊದ್ಲು ಆಸ್ಪತ್ರೇಲಿ ತೋರ್ಸವ್ವ" ಎಂದು ಬರಿಗೈಯಲ್ಲಿ ಕಳಿಸಿದಳು. ಕೊಟ್ಟರೂ ಭಯ, ಕೊಡದಿದ್ದರೂ ಸಂಕಟ.

ಅಲ್ಲಿಂದ ಮುಂದೆ ಪ್ರತಿ ಮಂಗಳವಾರ, ಶುಕ್ರವಾರ ಬೇಲೂರಿಗೆ ಬಸ್ಸು, ನಾಲ್ಕು ಗಂಟೆ ಡಯಾಲಿಸಿಸ್. ತಿನ್ನಬಾರದ್ದರಲ್ಲಿ ಎಳನೀರು, ಬಾಳೆಹಣ್ಣಿನ ಜೊತೆ ಕರಬೂಜವೂ ಇತ್ತು. ಅದರಲ್ಲಿರುವ ಪೊಟ್ಯಾಸಿಯಂ ಇಂಥವರ ರಕ್ತದಲ್ಲೇ ಉಳಿದುಬಿಡುತ್ತದೆ, ಹೆಚ್ಚಾದರೆ ಎದೆಬಡಿತ ನಿಲ್ಲಬಹುದು ಎಂದಿದ್ದರು. ಆದರೆ ಊರಿದ ಬೀಜಕ್ಕೆ ಅದೇನು ಗೊತ್ತು? ಯುಗಾದಿ ಕಳೆಯುತ್ತಲೇ ಬಳ್ಳಿ ತುಂಬ ಹಣ್ಣಾಯಿತು.

"ಒಂದು ಹೋಳು ಕೊಡೇ. ಅಷ್ಟಕ್ಕೆಲ್ಲ ಏನೂ ಆಗಕಿಲ್ಲ ಕಣೇ," ಎಂದ ಪುಟ್ಟಸ್ವಾಮಿ.

"ಬ್ಯಾಡ ಕಣ್ರೀ. ನಿಮ್ಗೆ ಕೈ ಮುಗೀತೀನಿ."

"ಊರೋರ್ಗೆಲ್ಲ ಕೊಟ್ಟೆ. ನಂಗಿಲ್ವಾ?" ಎಂದು ಗೋಡೆಯ ಕಡೆ ಹೊರಳಿದ.

ಆ ಮಾತು ತಡೆಯಲಾರದೆ ಮುದ್ದಮ್ಮ ಡಯಾಲಿಸಿಸ್ ಕೋಣೆಯ ನರ್ಸ್ ಹರ್ಷಿತಾಳನ್ನು ಕೇಳಿದಳು. ಆಕೆ ಡಾಕ್ಟರನ್ನು ವಿಚಾರಿಸಿ ಬಂದು ಹೇಳಿದಳು: "ಇವತ್ತು ರಕ್ತ ತೆಗೆದಿದ್ದೀವಲ್ಲ, ಆ ರಿಪೋರ್ಟ್ ಚೆನ್ನಾಗಿದ್ರೆ ಶುಕ್ರವಾರ ಮಷಿನ್ ಶುರುವಾದ ಮೇಲೆ ಒಂದು ಚಿಕ್ಕ ಹೋಳು ಕೊಡಬಹುದಂತೆ. ನಾವು ಹೇಳೋವರೆಗೂ ಕೊಡಬೇಡಿ ಅಮ್ಮ."

ಶುಕ್ರವಾರ ಬೆಳಿಗ್ಗೆ ಮುದ್ದಮ್ಮ ಇಬ್ಬನಿಯಲ್ಲೇ ಕೆರೆಯಂಚಿಗೆ ಹೋಗಿ, ಮುಟ್ಟಿದರೆ ತೊಟ್ಟು ಬಿಡುವಂಥ ಹಣ್ಣೊಂದನ್ನು ಹುಡುಕಿ ತಂದಳು. ಪುಟ್ಟಸ್ವಾಮಿ ಎಷ್ಟೋ ದಿನದ ಮೇಲೆ ತಾನೇ ಗಡ್ಡ ಬೋಳಿಸಿಕೊಂಡು, ಮದುವೆ ಮನೆಗೆ ಹೊರಟವನಂತೆ ಬಿಳಿ ಅಂಗಿ ತೊಟ್ಟಿದ್ದ. ಬಸ್ಸಿನಲ್ಲಿ ಚೀಲವನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡ.

ಹರ್ಷಿತಾ ರಿಪೋರ್ಟ್ ನೋಡಿದಳು. ಇನ್ನೊಮ್ಮೆ ನೋಡಿದಳು. "ಪೊಟ್ಯಾಸಿಯಂ ತುಂಬಾ ಜಾಸ್ತಿ ಇದೆ ಅಮ್ಮ. ಇವತ್ತು ಆಗಲ್ಲ."

ಮುದ್ದಮ್ಮ ಚೀಲವನ್ನು ತನ್ನ ಕೈಗೆ ತೆಗೆದುಕೊಂಡಳು. ಐದು ಹಾಸಿಗೆಯ ಆ ಕೋಣೆಯಲ್ಲಿ ಹಣ್ಣಿನ ಘಮ ಆಗಲೇ ಹರಡಿತ್ತು. ಸೂಜಿ ಚುಚ್ಚಿಸಿಕೊಂಡು ಮಲಗಿದ್ದವರೆಲ್ಲ ಅವಳ ಕೈಯ ಚೀಲದತ್ತ ತಲೆ ಹೊರಳಿಸಿದರು. ಹಂಚೋಣವೆಂದರೆ ಅಲ್ಲಿ ಒಬ್ಬರೂ ಅದನ್ನು ತಿನ್ನುವಂತಿರಲಿಲ್ಲ.

"ಅಮ್ಮ, ದಯವಿಟ್ಟು ಹೊರಗೆ ತಗೊಂಡು ಹೋಗಿ," ಎಂದ ಕಿಟಕಿ ಪಕ್ಕದಲ್ಲಿದ್ದವನು. ಅವನ ಕಣ್ಣು ತುಂಬಿತ್ತು.

"ಇರ್ಲಿ ಬಿಡೇ," ಎಂದ ಪುಟ್ಟಸ್ವಾಮಿ. "ವಾಸ್ನೆನಾದ್ರೂ ಇರ್ಲಿ."

ಮುದ್ದಮ್ಮ ಗಂಡನ ಮುಖ ನೋಡಿದಳು, ಕಿಟಕಿ ಪಕ್ಕದವನ ಮುಖ ನೋಡಿದಳು. ಕೊನೆಗೆ ಚೀಲದ ಬಾಯಿ ಗಂಟು ಹಾಕಿ ಹೊರಗೆ ಬಂದಳು. ಆಸ್ಪತ್ರೆಯ ಕಟ್ಟೆಯ ಮೇಲೆ ನಾಲ್ಕು ಗಂಟೆ ಕೂತಳು. ಯಾರೋ ಹೆಂಗಸು "ಹಣ್ಣು ಮಾರಕ್ಕಾ?" ಎಂದಳು. ಮುದ್ದಮ್ಮ ಚೀಲದ ಸಮೇತ ಅವಳ ಕೈಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ಮುಂದಿನ ವಾರದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಇಳಿದಿತ್ತು. ಹರ್ಷಿತಾಳೇ ಕರೆದು, "ಬೇಕಾದ್ರೆ ಈಗ ಒಂದು ಚಿಕ್ಕ ಹೋಳು ತರಬಹುದು ಅಮ್ಮ" ಎಂದಳು. ಮುದ್ದಮ್ಮ ಹಾಸಿಗೆಯ ಹತ್ತಿರ ಹೋಗಿ, "ತರ್ಲೇನ್ರೀ?" ಎಂದು ಮೆಲ್ಲಗೆ ಕೇಳಿದಳು.

"ಬ್ಯಾಡ," ಎಂದ ಪುಟ್ಟಸ್ವಾಮಿ, ಕಣ್ಣು ತೆರೆಯದೆ. "ಈಗ ಯಾವ್ದೂ ಬ್ಯಾಡ ಅನ್ಸತೈತೆ."

ಅವನು ಕೇಳಿ ಕೇಳಿ ಪೀಡಿಸುತ್ತಿದ್ದುದೇ ಮೇಲಿತ್ತು ಎನ್ನಿಸಿತು ಅವಳಿಗೆ. ಸ್ಟೂಲು ಎಳೆದುಕೊಂಡು ಕೂತು, ತಣ್ಣಗಾಗಿದ್ದ ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.