ಮೋಟೆಬೆನ್ನೂರಿನ ಬಳಿ ಮಾತು ಶುರು ಮಾಡಿದ ಟ್ಯಾಬ್

ಬ್ಯಾಡಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಕುತ್ತಿಗೆ ಡಿಸೈನುಗಳನ್ನು ಗಿರಾಕಿಗಳಿಗೆ ಫೋನಿನಲ್ಲಿ ತೋರಿಸಲು ಹೋದರೆ ನಾಲ್ಕು ಜನ ಹೆಂಗಸರ ತಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಅದಕ್ಕಾಗಿ ರಾಣೆಬೆನ್ನೂರಿನ ಒಂದು ಅಂಗಡಿಯಿಂದ ಚಿಕ್ಕ ಆಂಡ್ರಾಯ್ಡ್ ಟ್ಯಾಬ್ ತಂದುಕೊಂಡೆ. ಎರಡು ವರ್ಷ ಅದು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿತು. ಆಮೇಲೆ ಒಂದು ದಿನ ಪರದೆಯ ಮೇಲೆ "ಸಿಸ್ಟಂ ಅಪ್‌ಡೇಟ್ ಲಭ್ಯವಿದೆ" ಎಂದು ಬಂತು. ನಾನು "ನಂತರ" ಎಂಬುದನ್ನು ಒತ್ತಿದೆ. ಮರುದಿನ ಮತ್ತೆ ಬಂತು. ಮತ್ತೆ "ನಂತರ" ಒತ್ತಿದೆ. ಹೀಗೆ ಮೂರು ತಿಂಗಳು ನಡೆಯಿತು.

ಹೆದರಿಕೆ ನನ್ನೊಬ್ಬಳದಲ್ಲ. "ನಡೀತೈತಲ್ಲ, ಮತ್ಯಾಕ ಅದರ ಗೊಡವಿ?" ಎಂದರು ನಮ್ಮ ಮನೆಯವರು. ಎದುರು ಮನೆಯಾಕೆ ತನ್ನ ಫೋನು ಅಪ್‌ಡೇಟ್ ಆದ ಮೇಲೆ ಅದರಲ್ಲಿದ್ದ ಅಲಾರಾಂ ಎಲ್ಲಿ ಹೋಯಿತೆಂದು ಇನ್ನೂ ಹುಡುಕುತ್ತಿದ್ದಾಳೆ. ಟ್ಯಾಬ್ ಕೊಟ್ಟ ಅಂಗಡಿಯವನಿಗೆ ಫೋನು ಮಾಡಿದರೆ, "ಮಾಡ್ರಿ ಅಕ್ಕಾರ, ಏನೂ ಆಗೂದಿಲ್ಲ. ಆದ್ರ ನಡುವ ಕರೆಂಟ್ ಹೋಗಬಾರದು ನೋಡ್ರಿ" ಎಂದ. ನಮ್ಮ ಓಣಿಯಲ್ಲಿ ಆ ಭರವಸೆ ಕೊಡುವವರು ಯಾರು?

ಟ್ಯಾಬನ್ನು ನನಗಿಂತ ಹೆಚ್ಚು ಕೈಯಲ್ಲಿ ಹಿಡಿಯುತ್ತಿದ್ದವರು ನಮ್ಮ ಅತ್ತೆ. ಅವರಿಗೆ ಎಪ್ಪತ್ತಾರು. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಟೆಂಡರ್ ನೋಟೀಸನ್ನೂ ಬಿಡದೆ ಓದುತ್ತಿದ್ದ ಜೀವ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಬಂತು. ಇರುವಷ್ಟು ದೃಷ್ಟಿ ಉಳಿಯುತ್ತದೆ, ಸಣ್ಣ ಅಕ್ಷರ ಮಾತ್ರ ಇನ್ನು ಕಾಣುವುದಿಲ್ಲ ಎಂದು ರಾಣೆಬೆನ್ನೂರಿನ ಡಾಕ್ಟರು ಹೇಳಿದರು. ಆಗ ನಾನು ಟ್ಯಾಬಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟೆ. ಇನ್ನೂ ದೊಡ್ಡದು ಬೇಕೆಂದರು. ಮಾಡಿದೆ. ಕೊನೆಗೆ ಇಡೀ ಪರದೆಯಲ್ಲಿ "ಮುಖ್" ಎನ್ನುವಷ್ಟೇ ಹಿಡಿಸುತ್ತಿತ್ತು. ಮುಂದಿರುವುದು ಮುಖ್ಯಮಂತ್ರಿಯೋ ಮುಖ್ಯೋಪಾಧ್ಯಾಯರೋ ಎಂದು ತಿಳಿಯುವಷ್ಟರಲ್ಲಿ ಅತ್ತೆಯ ತಾಳ್ಮೆ ಮುಗಿಯುತ್ತಿತ್ತು. ಟ್ಯಾಬನ್ನು ದಿಂಬಿನ ಕೆಳಗೆ ತಳ್ಳಿ, "ಒಂದ್ ಸುದ್ದಿ ಓದೂದ್ರಾಗ ಆ ಸರಕಾರನ ಬೀಳ್ತೈತಿ ಬಿಡವಾ" ಎನ್ನುತ್ತಿದ್ದರು.

ಕೊನೆಗೆ ನಾನು ಡಿಸೈನು ನೋಡುತ್ತಿದ್ದ ಆ್ಯಪ್ ಕೂಡ ಮುಷ್ಕರ ಹೂಡಿತು. ಹಳೆಯ ಆವೃತ್ತಿಯಲ್ಲಿ ಕೆಲಸ ಮಾಡುವುದಿಲ್ಲ, ಅಪ್‌ಡೇಟ್ ಮಾಡಿ ಎಂದು ಕಡ್ಡಿ ಮುರಿದಂತೆ ಹೇಳಿತು. ಅಪ್‌ಡೇಟಿಗೆ ಸಿಮ್ಮಿನ ಡೇಟಾ ಸಾಲದು, ವೈಫೈಯೇ ಬೇಕಂತೆ. ನಮ್ಮ ಮನೆಯಲ್ಲಿಲ್ಲ. ಹಾವೇರಿಯ ನಾದಿನಿಯ ಮನೆಯಲ್ಲಿದೆ. ನಾನು ಹೊರಟಿದ್ದು ಕಂಡು ಅತ್ತೆ ಆಗಲೇ ಸೀರೆ ಬದಲಿಸಿ ಕುಳಿತಿದ್ದರು. "ನನ್ನ ಮಗಳ ಮನೀಗೆ ನೀ ಒಬ್ಬಾಕೆ ಹೊಂಟೀ ಏನು?"

ಬೆಳಗಿನ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕಿತು. ಅತ್ತೆ ಕಿಟಕಿಯ ಪಕ್ಕ ಕುಳಿತರು. ಟ್ಯಾಬನ್ನು ಚೀಲದಲ್ಲಿಟ್ಟರೆ ಒಡೆದೀತೆಂದು ತಮ್ಮ ಎದೆಗೆ ಒತ್ತಿ ಹಿಡಿದುಕೊಂಡರು. ಮೋಟೆಬೆನ್ನೂರಿನ ಬಳಿ ಬಸ್ಸು ಗಕ್ಕನೆ ಬ್ರೇಕು ಹಾಕಿತು. ಅತ್ತೆ ಅಂಚಿನ ಗುಂಡಿಗಳ ಸಮೇತ ಇನ್ನೂ ಬಿಗಿಯಾಗಿ ಹಿಡಿದರು. ಪರದೆ ಬೆಳಗಿ ಅದರ ಮೇಲೆ ಅದೇನೋ ಪ್ರಶ್ನೆ ಮೂಡಿತು. ಯಾರೇನು ಕೇಳಿದರೂ ಇಲ್ಲವೆನ್ನುವ ಸ್ವಭಾವ ಅತ್ತೆಯದಲ್ಲ. ಹೊಳೆಯುತ್ತಿದ್ದ ಗುಂಡಿಯ ಮೇಲೆ ಬೆರಳಿಟ್ಟು ಒಪ್ಪಿಗೆ ಕೊಟ್ಟುಬಿಟ್ಟರು.

ಆಗ ಟ್ಯಾಬು ಮಾತಾಡಿತು.

"ಬ್ಯಾಟರಿ ಅರವತ್ತೆಂಟು ಪ್ರತಿಶತ," ಎಂದಿತು ಒಂದು ಹೆಣ್ಣು ದನಿ, ಇಡೀ ಬಸ್ಸಿಗೆ ಕೇಳುವಂತೆ.

"ಹೌದನ್ರಿ?" ಎಂದರು ಅತ್ತೆ.

"ಅಧಿಸೂಚನೆ. ಸಿಸ್ಟಂ ಅಪ್‌ಡೇಟ್ ಲಭ್ಯವಿದೆ."

"ಅದಕ್ಕ ಹೊಂಟೇವ್ರಿ ನಾವು," ಎಂದು ಅತ್ತೆ ಮರ್ಯಾದೆಯಿಂದ ತಿಳಿಸಿದರು.

ನಾನು ಕಸಿದುಕೊಂಡೆ. ಮುಟ್ಟಿದ್ದೇ ತಪ್ಪಾಯಿತು. ಬೆರಳು ತಾಗಿದ್ದನ್ನೆಲ್ಲ ಅದು ಓದುತ್ತಿತ್ತು, ಆದರೆ ಏನನ್ನೂ ತೆರೆಯುತ್ತಿರಲಿಲ್ಲ. ಗಡಿಯಾರ ಎಂದಿತು. ಕ್ಯಾಮರಾ ಎಂದಿತು. ಪರದೆ ಸರಿಸಲು ಹೋದರೆ ಸರಿಯಲಿಲ್ಲ. ಸ್ವಿಚ್ ಒತ್ತಿ ಆರಿಸಿದೆ. "ಸ್ಕ್ರೀನ್ ಆಫ್ ಆಗಿದೆ" ಎಂದು ಅದನ್ನೂ ಡಂಗುರ ಸಾರಿತು. ಮತ್ತೆ ಹಚ್ಚಿದಾಗ ನನ್ನ ಹೆಬ್ಬೆರಳು ಹೋಗಿ ಗಿರಾಕಿಯೊಬ್ಬಳ ಮೆಸೇಜಿನ ಮೇಲೆ ಬಿತ್ತು. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ, ವಾರ್ತೆ ಓದುವ ಗತ್ತಿನಲ್ಲಿ ಅದು ಹೇಳಿತು: "ಅಕ್ಕಾರ, ಬ್ಲೌಸ್ ತೋಳಿನಾಗ ಕೈ ಹೋಗವಲ್ದು. ನನ್ನ ಅಳತಿ ತಗೊಂಡೀರೋ ನನ್ನ ಮಗಳದ್ದೋ."

ಬಸ್ಸು ಗೊಳ್ಳೆಂದಿತು. ಹಿಂದಿನ ಸೀಟಿನ ಅಜ್ಜನೊಬ್ಬ, "ಪಾಪ, ಬಿಚ್ಚಿ ಹೊಲ್ದು ಕೊಡವಾ ಆಕೀಗೆ" ಎಂದ. ಕಂಡಕ್ಟರ್ ಮುಂದಿನಿಂದ ತಿರುಗಿ, "ಯಾರ್ರೀ ಅದು, ನನಗಿಂತ ಜೋರ್ ಒದರಾಕತ್ತವ್ರು?" ಎಂದು ಕೇಳಿದರು. ನನ್ನ ಕಿವಿ ಬಿಸಿಯಾಯಿತು. ಅತ್ತೆಯಂತೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವರ ಭುಜ ನನ್ನ ಭುಜಕ್ಕೆ ಬಡಿದು ಬಡಿದು ನನಗೂ ನಗು ತಡೆಯಲಾಗಲಿಲ್ಲ. ಟ್ಯಾಬು ಕೈಯಿಂದ ಕೈಗೆ ಹೊರಟಿತು. ಕಾಲೇಜಿಗೆ ಹೊರಟ ಇಬ್ಬರು ಹುಡುಗಿಯರು ನೋಡಿದರು. ಬೀಜದ ಅಂಗಡಿಯವರೊಬ್ಬರು ಕನ್ನಡಕ ಹಾಕಿಕೊಂಡು ನೋಡಿದರು. ಪ್ರತಿಯೊಬ್ಬರ ಕೈಯಲ್ಲೂ ಅದು "ಗಡಿಯಾರ", "ಕ್ಯಾಮರಾ" ಎನ್ನುತ್ತಲೇ ಇತ್ತು.

ನಮ್ಮ ಎದುರಿನ ಸಾಲಿನಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಮಡಚಿದ ಬಿಳಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಮುಗುಳ್ನಗುತ್ತಿದ್ದವಳು ಈಗ ಕೈ ಚಾಚಿ, "ನನ್ನ ಕೈಯಾಗ ಕೊಡ್ರಿ ಇಲ್ಲೆ" ಎಂದಳು.

ಯಾರೋ ಕೊಟ್ಟರು. ಆಕೆ ಟ್ಯಾಬಿನ ಅಂಚನ್ನು ಸವರಿ, ದನಿ ಹೆಚ್ಚು ಕಡಿಮೆ ಮಾಡುವ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದಳು. ಒಂದು, ಎರಡು, ಮೂರು. ಟ್ಯಾಬು ಸುಮ್ಮನಾಯಿತು.

ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ಕಣ್ಣಿದ್ದ ನಾವು ಇಪ್ಪತ್ತು ಜನ ಸೋತಿದ್ದೆವು!

"ಇದು ಕಣ್ಣು ಕಾಣದವ್ರ ಸಲುವಾಗಿ ಮಾಡಿದ್ದ್ರಿ," ಎಂದು ಆಕೆ ವಿವರಿಸಿದಳು. "ನಾನು ಹಾವೇರಿ ಸಾಲಿಯೊಳಗ ಸಂಗೀತ ಕಲಸ್ತೇನ್ರಿ. ನನ್ನ ಫೋನು ದಿನಾ ಹಿಂಗ ಮಾತಾಡ್ತೈತಿ. ಈ ಎರಡು ಗುಂಡಿ ಒತ್ತಿದ್ರ ಶುರು, ಮತ್ತ ಒತ್ತಿದ್ರ ಬಂದ್."

ನಾನು ಧನ್ಯವಾದ ಹೇಳಿ ಟ್ಯಾಬನ್ನು ಚೀಲಕ್ಕೆ ಹಾಕಬೇಕೆನ್ನುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದರು. ಅವರ ನಗು ನಿಂತಿತ್ತು.

"ಟೀಚರ್, ಪೇಪರೂ ಓದ್ತೈತೇನ್ರಿ ಅದು?"

"ಓದ್ತೈತ್ರಿ ಅಮ್ಮಾರ. ನಾ ಮುಂಜಾನೆದ್ದ ಕೂಡ್ಲೇ ಪೇಪರ್ ಕೇಳೂದು."

"ಪೂರಾ?"

"ಪೂರಾ."

ಅತ್ತೆ ನನ್ನ ಕಡೆ ತಿರುಗಿದರು. "ಏಳವಾ ನೀ. ಎದ್ದು ಅವರ ಜಾಗಾದಾಗ ಕುಂದ್ರು. ಟೀಚರ್ನ ಇಲ್ಲೆ ಕಳಸು."

ಹೀಗೆ ನಾನು ಸೀಟು ಬಿಟ್ಟುಕೊಟ್ಟೆ. ಮಿಕ್ಕ ದಾರಿಯಲ್ಲಿ ಪಾಠ ನಡೆಯಿತು. ಟೀಚರ್ ಅತ್ತೆಯ ತೋರುಬೆರಳು ಹಿಡಿದು ಪರದೆಯ ಮೇಲೆ ಸರಿಸುತ್ತಿದ್ದರು. ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಬೇಕಾದ್ದು ಕೇಳಿಸಿದಾಗ ಎಲ್ಲಿಯಾದರೂ ಸರಿ ಎರಡು ಸಲ ತಟ್ಟಬೇಕು. "ಬಾಗಿಲಾ ಬಡದಂಗ," ಎಂದರು ಅತ್ತೆ. "ಹಂಗ ನೋಡ್ರಿ, ಬಾಗಿಲಾ ಬಡದಂಗ," ಎಂದರು ಟೀಚರ್. ಅತ್ತೆ ಕಣ್ಣು ಮುಚ್ಚಿಕೊಂಡೇ ಕಲಿತರು. ಕಣ್ಣು ತೆರೆದರೆ ಮಬ್ಬು ಪರದೆಯತ್ತ ಮನಸ್ಸು ಹೋಗಿ ತಪ್ಪಾಗುತ್ತದೆಂದು ಅವರೇ ಕಂಡುಕೊಂಡಿದ್ದರು. ಹಾವೇರಿ ಬರುವಷ್ಟರಲ್ಲಿ ಗಡಿಯಾರ ತೆರೆದು, ಮುಚ್ಚಿ, ನನ್ನ ಗಿರಾಕಿಯ ದೂರನ್ನು ಬೇಕೆಂದೇ ಇನ್ನೊಮ್ಮೆ ಓದಿಸಿ, ಹಿಂದಿನ ಸೀಟಿನ ಅಜ್ಜನ ಶಿಫಾರಸನ್ನೂ ನೆನಪಿಸಿದರು.

ಇಳಿಯುವಾಗ ಟೀಚರ್ ತಮ್ಮ ನಂಬರ್ ಕೊಟ್ಟು ಹೇಳಿದರು: "ಈ ದನಿ ಭಾಳ ಹಳೇದೈತ್ರಿ, ಮೂಗಿನಾಗ ಮಾತಾಡ್ತೈತಿ. ಮೊದಲು ಅಪ್‌ಡೇಟ್ ಮಾಡ್ರಿ. ಆಮ್ಯಾಲ ಹೊಸಾ ಕನ್ನಡ ದನಿ ಇಳಿಸ್ಕೊಳ್ರಿ."

ಮೂರು ತಿಂಗಳಿಂದ "ನಂತರ" ಒತ್ತಿದ್ದ ನನಗೆ ಈಗ ಅತ್ತೆಯ ಅವಸರ ತಾಳಿಕೊಳ್ಳುವುದು ಕಷ್ಟವಾಯಿತು. ನಾದಿನಿ ಮಂಡಕ್ಕಿಯ ಗಿರಮಿಟ್ಟು ಕಲಸಿ ಮಿರ್ಚಿ ಭಜಿ ಕರಿದಿಟ್ಟಿದ್ದಳು. ಅತ್ತೆ ಚಪ್ಪಲಿ ಬಿಡುವ ಮೊದಲೇ, "ಎಲ್ಲೈತಿ ನಿಮ್ಮ ವೈಫೈ? ಹಚ್ಚು ಲಗೂ" ಎಂದರು.

ಹಚ್ಚಿದರೆ ಜಾಗ ಸಾಲದು ಎಂದಿತು. ಏನನ್ನಾದರೂ ಅಳಿಸಬೇಕು. ಫೋಟೋಗಳನ್ನು ತೆರೆದ ನಾದಿನಿ ಬೆಪ್ಪಾಗಿ ನಿಂತಳು. ಅಕ್ಷರ ದೊಡ್ಡದು ಮಾಡಲು ಹೋಗಿ ಅತ್ತೆ ಅದೆಷ್ಟು ಸಲ ಕ್ಯಾಮರಾ ಒತ್ತಿದ್ದರೋ! ಲೆಕ್ಕವಿಲ್ಲದಷ್ಟು ಮೂಗಿನ ಹೊಳ್ಳೆಗಳು, ಹೆಬ್ಬೆರಳುಗಳು, ಫ್ಯಾನು, ತೊಲೆ. ಅತ್ತೆಗೆ ಕಾಣುವುದಿಲ್ಲವೆಂದು ನಾದಿನಿ ಒಂದೊಂದನ್ನೂ ಬಣ್ಣಿಸಬೇಕಾಯಿತು.

"ಇದು ನಿನ್ನ ಎಡಗಡಿ ಹೊಳ್ಳಿ, ಯವ್ವಾ."

"ತಗಿ."

"ಇದು ಬಲಗಡಿದು."

"ಮೂಗುತಿ ಕಾಣ್ತೈತೇನು?"

"ಕಾಣ್ತೈತಿ."

"ಇರಲಿ ಅದು."

ನಮ್ಮ ಮನೆಯವರ ಬೋಳು ನೆತ್ತಿ ಹಿಂದಿನಿಂದ ಹೊಳೆಯುತ್ತಿದ್ದ ಒಂದು ಫೋಟೋ ಸಿಕ್ಕಿತು. ಅದನ್ನು ಅಳಿಸಲು ಮೂವರಲ್ಲಿ ಯಾರೂ ಒಪ್ಪಲಿಲ್ಲ. ಬದಲಿಗೆ ನಾನು ನನ್ನ ಹಳೆಯ ದೋಣಿ ಕುತ್ತಿಗೆ ಬ್ಲೌಸುಗಳ ಫೋಟೋಗಳನ್ನೆಲ್ಲ ತ್ಯಾಗ ಮಾಡಿದೆ.

ಅಪ್‌ಡೇಟ್ ಇಳಿಯತೊಡಗಿತು. ನಾದಿನಿ ಕರೆಂಟಿಗೆ ಭಾರವಾದೀತೆಂದು ಮಿಕ್ಸರನ್ನೂ ಹಚ್ಚಲಿಲ್ಲ. ಚಟ್ನಿಯಿಲ್ಲದೆ ಮಿರ್ಚಿ ತಿಂದೆವು. ನೂರಕ್ಕೆ ಅರವತ್ತು ಆದಾಗ ಹೆದರಿದ್ದು ಆಗಿಯೇ ಬಿಟ್ಟಿತು: ಕರೆಂಟ್ ಹೋಯಿತು. ಫ್ಯಾನು ನಿಂತಿತು, ವೈಫೈ ಡಬ್ಬಿಯ ಹಸಿರು ದೀಪ ಆರಿತು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅತ್ತೆ ಟೀಚರಿಗೆ ಫೋನು ಹಚ್ಚಿಸಿದರು. "ಏನೂ ಆಗೂದಿಲ್ರಿ ಅಮ್ಮಾರ, ಕರೆಂಟ್ ಬಂದಮ್ಯಾಲ ಬಿಟ್ಟಲ್ಲಿಂದ ಶುರು ಆಗ್ತೈತಿ," ಎಂದು ಆ ಕಡೆಯಿಂದ ಕೇಳಿಸಿತು; ಹಿಂದೆ ಮಕ್ಕಳು ಸರಿಗಮ ಹಾಡುತ್ತಿದ್ದರು. ಅರ್ಧ ತಾಸಿನ ಮೇಲೆ ಕರೆಂಟ್ ಬಂತು. ಅವರು ಹೇಳಿದಂತೆಯೇ ಅರವತ್ತರಿಂದ ಮುಂದೆ ಓಡಿತು.

ನೂರಾದ ಮೇಲೆ ಟ್ಯಾಬು ತಾನೇ ಆರಿ ತಾನೇ ಹೊತ್ತಿಕೊಂಡಿತು. ಕಂಪನಿಯ ಗುರುತು ಬಂದು ಹಾಗೇ ನಿಂತಿತು. ನಿಂತೇ ಇತ್ತು. ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಕೊನೆಗೆ ಪರದೆ ತೆರೆದಾಗ ಎಲ್ಲವೂ ಇದ್ದಲ್ಲೇ ಇತ್ತು, ನೆತ್ತಿಯ ಫೋಟೋ ಸಮೇತ. ನಾದಿನಿ ಕುಣಿದೇಬಿಟ್ಟಳು. ಹೊಸ ದನಿ ಇಳಿಸಿ, ಪೇಪರಿನ ಪುಟ ತೆರೆದು, ಎರಡು ಗುಂಡಿ ಒತ್ತಿ ಅತ್ತೆಯ ಕೈಗಿಟ್ಟೆ.

ಅತ್ತೆ ಕಣ್ಣು ಮುಚ್ಚಿ ಬೆರಳು ಸರಿಸಿದರು. ತಿಳಿಯಾದ ದನಿಯೊಂದು ಸುದ್ದಿ ಓದತೊಡಗಿತು. ಒಂದು ಮುಗಿಯಿತು, ಸರಿಸಿದರು. ಇನ್ನೊಂದು ಬಂತು. ಮಳೆಯ ಸುದ್ದಿ, ಯಾರದೋ ನಿಧನ, ಕುಡಿಯುವ ನೀರಿನ ಪೈಪಿನ ಟೆಂಡರು. ಟೆಂಡರಿನ ಷರತ್ತುಗಳನ್ನು ಪೂರಾ ಕೇಳಿದರು. ವರ್ಷದಿಂದ ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಸಂಜೆ ಬಸ್ಸಿಗೆ ಹೊರಡುವವರೆಗೂ ಏಳಲಿಲ್ಲ. ನಾದಿನಿ ಎರಡನೆಯ ಸಲ ಮಾಡಿದ ಚಹಾ ಆರಿ ಕೆನೆ ಕಟ್ಟಿತು.

ಅಂದಿನಿಂದ ಟ್ಯಾಬು ಅವರದು. ನನ್ನ ಡಿಸೈನು ನೋಡಬೇಕಾದರೆ ನಾನೇ ಅಪ್ಪಣೆ ಕೇಳಬೇಕು. ಬಾಯಿಂದ ಹೇಳಿದ್ದನ್ನು ಅದು ಬರೆಯುತ್ತದೆಂದು ಟೀಚರ್ ಫೋನಿನಲ್ಲೇ ಕಲಿಸಿಕೊಟ್ಟರು. ಅತ್ತೆ ನನ್ನ ಗಿರಾಕಿಗಳಿಗೆ ತಾವೇ ಉತ್ತರಿಸತೊಡಗಿದರು. ಒಮ್ಮೆ "ನಿಮ್ಮ ಬ್ಲೌಸ್ ಹೊಲದೈತಿ, ಬಂದು ಒಯ್ರಿ" ಎಂದು ಹೇಳಿದ್ದಾರೆ. ಟ್ಯಾಬು "ನಿಮ್ಮ ಬ್ಲೌಸ್ ಹೊಲದಲ್ಲಿದೆ" ಎಂದು ತಿದ್ದಿ ಕಳಿಸಿದೆ. ತಕ್ಷಣ ಉತ್ತರ ಬಂತು: "ಯಾವ ಹೊಲದಾಗ್ರಿ?" ಅದನ್ನು ಹೊಸ ದನಿ ಬಲು ಗಂಭೀರವಾಗಿ ಓದಿ ಹೇಳಿತು. ಹೊಲಿಗೆ ಯಂತ್ರ ನಿಲ್ಲಿಸಿ ನಾನು ನೆಲದ ಮೇಲೆ ಕುಳಿತು ನಕ್ಕೆ.

ಕಳೆದ ತಿಂಗಳು ಕಣ್ಣು ತೋರಿಸಲು ಅತ್ತೆಯನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೋಗಿದ್ದೆ. ಪಾಳಿಗಾಗಿ ಬೆಂಚಿನ ಮೇಲೆ ಕುಳಿತಿದ್ದೆವು. ಪಕ್ಕದಲ್ಲಿ ಐರಣಿಯ ಕಡೆಯ ಅಜ್ಜಿಯೊಬ್ಬಳು, ಕಣ್ಣಿಗೆ ಹನಿ ಹಾಕಿಸಿಕೊಂಡು, ತನಗೆ ಇನ್ನು ಏನೂ ಓದಲಾಗುವುದಿಲ್ಲವೆಂದು ಸಪ್ಪಗಿದ್ದಳು. ನಾನು ನೀರು ತುಂಬಿಕೊಂಡು ಬರುವಷ್ಟರಲ್ಲಿ ಅತ್ತೆ ಆಕೆಯ ತೋರುಬೆರಳು ಹಿಡಿದು ಟ್ಯಾಬಿನ ಮೇಲೆ ಸರಿಸುತ್ತಿದ್ದರು. ಸುತ್ತ ಐದಾರು ಜನ ಬಗ್ಗಿ ನಿಂತಿದ್ದರು. "ಎರಡು ಸಲ ತಟ್ಟವಾ. ಅಂಜಬ್ಯಾಡ, ಜೋರ್ ತಟ್ಟು."

ನರ್ಸು ಬಂದು ಅತ್ತೆಯ ಪಾಳಿ ಬಂತೆಂದು ಕರೆದರು. ಎರಡನೆಯ ಸಲವೂ ಕರೆದರು. ಅತ್ತೆ ತಲೆ ಎತ್ತದೆ ಕೈ ಬೀಸಿದರು.

"ಮುಂದಿನವ್ರನ್ನ ಬಿಡ್ರಿ ಬಾಯಾರ. ನಮ್ಮದಿನ್ನಾ ನಡದೈತಿ."