ತವರಿಗೆ ಹೋದ ಸೈಕಲ್

ಜನವರಿಯ ಒಂದು ಶನಿವಾರ ಬೆಳಿಗ್ಗೆ ನಾಸಿಕ್ ರೋಡ್ ನಿಲ್ದಾಣದ ಪಾರ್ಸೆಲ್ ಆಫೀಸಿನ ಮುಂದೆ ನಾನು ಸೈಕಲ್ ಹಿಡಿದುಕೊಂಡು ನಿಂತಿದ್ದೆ. ಮಾತಾಡಿದರೆ ಬಾಯಿಂದ ಹೊಗೆ ಬರುವಷ್ಟು ಚಳಿ. ನನ್ನ ಟಿಕೆಟ್ಟು ನೂರು ರೂಪಾಯಿಯೊಳಗೆ, ಎರಡು ನಿಮಿಷದಲ್ಲಿ ಮುಗಿದಿತ್ತು. ಸೈಕಲ್ಲಿನದು ಮಾತ್ರ ಮುಗಿಯುವಂತೆ ಕಾಣಲಿಲ್ಲ. ಒಂದು ಅರ್ಜಿ, ಎರಡು ಸಹಿ, ಗುರುತಿನ ಚೀಟಿಯ ಜೆರಾಕ್ಸು, ಜೊತೆಗೆ ಗುಮಾಸ್ತರ ಪ್ರಶ್ನೆಗಳು.

"ಹಳೇ ಸೈಕಲ್ಲು. ಸಂಭಾಜಿನಗರಕ್ಕೆ ಯಾಕೆ ಒಯ್ಯುತ್ತೀರಿ?" ಎಂದು ಅವರು ಮರಾಠಿಯಲ್ಲಿ ಕೇಳಿದರು. ರಿಪೇರಿಗೆ ಎಂದೆ. ನಾಸಿಕ್‌ನಲ್ಲಿ ರಿಪೇರಿ ಅಂಗಡಿಗಳಿಲ್ಲವೇ ಎಂದರು. "ಇದರ ಡಾಕ್ಟರು ವಾಳೂಜಿನಲ್ಲಿದ್ದಾರೆ" ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ ಮುದ್ರೆ ಒತ್ತಿದರು.

ಅಗಲ ಕಡಿಮೆಯಾಗಲಿ ಎಂದು ಹಮಾಲನೊಬ್ಬ ಪೆಡಲ್ ಬಿಚ್ಚಲು ಕೂತ. ಎಡಗಡೆಯ ಪೆಡಲ್ಲಿಗೆ ಪಾನಾ ಹಾಕಿ, ಎಲ್ಲ ನಟ್ಟು ಬಿಚ್ಚುವಂತೆಯೇ ಜೋರಾಗಿ ತಿರುವತೊಡಗಿದ. ನಾನು ಅವನ ಕೈ ಹಿಡಿದೆ. ಸೈಕಲ್ಲಿನ ಎಡ ಪೆಡಲ್ಲು ಉಳಿದೆಲ್ಲ ನಟ್ಟುಗಳಿಗೆ ಉಲ್ಟಾ ಬಿಚ್ಚಿಕೊಳ್ಳುತ್ತದೆ. ನೀನು ಬಿಗಿಮಾಡುತ್ತಿದ್ದೀಯ ಎಂದೆ. ಅವನು ಉಲ್ಟಾ ತಿರುವಿದ, ಬಂತು. "ಯಾರು ಕಲಿಸಿದರು ಮಾವಶಿ?" ಎಂದು ಕೇಳಿದ. ಅಣ್ಣ ಎಂದೆ.

ನಮ್ಮದು ಬೀದರ್ ಜಿಲ್ಲೆಯ ಕಡೆ. ಅಣ್ಣ ಗುರುಲಿಂಗ ಮೂವತ್ತು ವರ್ಷ ಸಂಭಾಜಿನಗರದ ಅಂಚಿನ ವಾಳೂಜಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಯಂತ್ರ ಕೆಟ್ಟರೆ ಮೊದಲು ಕಿವಿ ಕೊಡುತ್ತಿದ್ದ, ಆಮೇಲೆ ಕೈ ಹಾಕುತ್ತಿದ್ದ. ನಾನು ಮದುವೆಯಾಗಿ ನಾಸಿಕ್ ರೋಡಿಗೆ ಬಂದವಳು, ಅಲ್ಲಿನ ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ. ಶಾಲೆಗೆ ಹೋಗಿಬರಲು ಒಂದು ಸೈಕಲ್ ಕೊಂಡಾಗ ಅಣ್ಣ ಒಂದೇ ಷರತ್ತು ಹಾಕಿದ್ದ: "ಅಂಗಡಿಗಿ ಒಯ್ಯಬ್ಯಾಡ. ನಿನ್ನ ಸೈಕಲ್ಲು ನೀನೇ ಮಾಡ್ಕೋ. ನಾ ಹೇಳಿ ಕೊಡ್ತೀನಿ."

ಅಂದಿನಿಂದ ಪ್ರತಿ ಭಾನುವಾರ ಒಂಬತ್ತೂವರೆಗೆ ನಮ್ಮ ಬಾಲ್ಕನಿಯಲ್ಲಿ ಫೋನಿನ ಮೇಲೆ ಪಾಠ. ಹಳೆಯ ಪೇಪರು ಹಾಸಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸುವುದು, ಫೋನನ್ನು ತುಳಸಿ ಕುಂಡಕ್ಕೆ ಆನಿಸಿಡುವುದು. ಬಟ್ಟೆ ನೆನೆಸುವ ಬುಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಪಂಚರ್ ಹುಡುಕಿದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಚೈನು ತಿಕ್ಕಿದೆ. ಚಕ್ರದ ಅಚ್ಚಿನ ಉಕ್ಕಿನ ಗುಂಡುಗಳನ್ನು ವಿಭೂತಿ ಡಬ್ಬಿಯಲ್ಲಿ ಹಾಕಿಟ್ಟು ಯಜಮಾನರಿಂದ ಬೈಸಿಕೊಂಡೆ. ಅಣ್ಣನಿಗೆ ವಿಡಿಯೋ ಬೇಕಿರಲಿಲ್ಲ. "ಫೋನ್ ಹತ್ರ ಹಿಡಿ. ಪೆಡಲ್ ತಿರುವು" ಅನ್ನುತ್ತಿದ್ದ. ನೂರಾಎಂಬತ್ತು ಕಿಲೋಮೀಟರ್ ಆಚೆ ಕೂತು ಸದ್ದು ಕೇಳಿ, ಯಾವ ನಟ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದ. ರಿಪೇರಿ ಹತ್ತು ನಿಮಿಷದಲ್ಲಿ ಆಗುತ್ತಿತ್ತು, ಮಾತು ಒಂದು ಗಂಟೆ ನಡೆಯುತ್ತಿತ್ತು.

ಕಳೆದ ಆಗಸ್ಟಿನಲ್ಲಿ ಅಣ್ಣನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರಕ್ಕೂ ಪೆಟ್ಟು. ಕಾಲು ಅಷ್ಟಿಷ್ಟು ಸುಧಾರಿಸಿತು, ಮಾತು ಸುಧಾರಿಸಲಿಲ್ಲ. ಎಲ್ಲ ತಿಳಿಯುತ್ತದೆ, ಆದರೆ ಹೇಳಬೇಕಾದ ಶಬ್ದದ ಬದಲು ಬೇರೇನೋ ಬಾಯಿಗೆ ಬರುತ್ತದೆ. ಆ ನಾಚಿಕೆಗೆ ಫೋನಿನ ಹತ್ತಿರ ಬರುವುದನ್ನೇ ಬಿಟ್ಟ. ಅತ್ತಿಗೆ ಶಾಂತಾ ವೈನಿ ಫೋನ್ ಒಯ್ದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದನಂತೆ. ಐದು ತಿಂಗಳಿಂದ ನನ್ನ ಭಾನುವಾರಗಳು ಬರಿದಾಗಿದ್ದವು. ಸೈಕಲ್ಲು ಒಂದು ನೆಪ. ಅಣ್ಣನನ್ನು ಮತ್ತೆ ನನ್ನ ಫೋನಿನ ಆಚೆ ಕೂರಿಸಬೇಕೆಂದೇ ನಾನು ಹೊರಟಿದ್ದೆ. ಮನೆ ಬಿಡುವಾಗ ಯಜಮಾನರು ಬಾಗಿಲಲ್ಲಿ ನಿಂತು, "ಸೈಕಲ್ಲಿಗೂ ಒಂದು ತವರುಮನಿ ಅದ ಅಂತ ನಂಗ ಇವತ್ತೇ ತಿಳೀತು ನೋಡು" ಎಂದಿದ್ದರು.

ಗಾಡಿ ಬಂತು. ಸೈಕಲ್ಲು ಲಗೇಜ್ ಡಬ್ಬಿಗೆ, ನಾನು ಜನರಲ್ ಡಬ್ಬಿಗೆ. ನಿಫಾಡದವರೆಗೆ ದ್ರಾಕ್ಷಿ ತೋಟಗಳ ಮೇಲೆ ಮಂಜು ಕೂತಿತ್ತು. ಮನ್ಮಾಡಿನಲ್ಲಿ ಗಾಡಿ ಹೆಚ್ಚು ಹೊತ್ತು ನಿಂತಿತು. ಚಹಾ ಬಿಟ್ಟು ಲಗೇಜ್ ಡಬ್ಬಿಯ ತನಕ ಓಡಿ ಹೋಗಿ, ಬೇರೆ ಸಾಮಾನಿನ ಜೊತೆ ನನ್ನ ಸೈಕಲ್ಲನ್ನೂ ಇಳಿಸಿಬಿಟ್ಟರೋ ಏನೋ ಎಂದು ಇಣುಕಿ ಬಂದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ, ಆ ಡಬ್ಬಿಯೊಳಗೆ ಮೊಮ್ಮಗು ಇದೆಯೇ ಎಂದು ಕೇಳಿದರು. ಸೈಕಲ್ ಎಂದಾಗ ಬಾಯಿಗೆ ಸೆರಗು ಹಿಡಿದು ನಕ್ಕರು, ಆಮೇಲೆ ತಮ್ಮ ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ನಗರಸೂಲಿನಲ್ಲಿ ಶಿರಡಿ ಯಾತ್ರಿಕರು ಇಳಿದರು. ಲಾಸೂರಿನಲ್ಲಿ ಉಳ್ಳಾಗಡ್ಡಿ ವ್ಯಾಪಾರಿಗಳು ಹತ್ತಿದರು. ದೌಲತಾಬಾದಿನ ಕೋಟೆ ಕಿಟಕಿಯಲ್ಲಿ ಬಂದಾಗ ಗಾಡಿ ಅರ್ಧ ಗಂಟೆ ತಡವಾಗಿತ್ತು.

ಸಂಭಾಜಿನಗರ ನಿಲ್ದಾಣದ ಹೊರಗೆ ಪೆಡಲ್ ಹಾಕಿಕೊಂಡು ವಾಳೂಜಿನ ದಾರಿ ಹಿಡಿದೆ. ಹದಿಮೂರು ಹದಿನಾಲ್ಕು ಕಿಲೋಮೀಟರ್. ಕಂಪನಿ ಬಸ್ಸು, ಟೆಂಪೋಗಳ ನಡುವೆ ನನ್ನ ಸೈಕಲ್ಲು ಸುತ್ತಿಗೊಂದು ಸಲ "ಕಟ್" ಎನ್ನುತ್ತಿತ್ತು. ಅದಕ್ಕೆ ನಾನೇ ಕಾರಣ. ಡಿಸೆಂಬರಿನಲ್ಲಿ ಪೆಡಲಿನ ತೋಳು ಸಡಿಲವಾಗಿತ್ತು. ಆ ತೋಳನ್ನು ನಡುವಿನ ಅಚ್ಚಿಗೆ ಬಿಗಿದಿಡುವುದು ಕಿರುಬೆರಳಿನಷ್ಟು ದೊಡ್ಡ, ಒಂದು ಬದಿ ಓರೆಯಾಗಿರುವ ಕಾಟರ್ ಪಿನ್ನು. ಒಂದೊಂದು ಕಡೆಗೆ ಒಂದೊಂದು. ಕೇಳಲು ಅಣ್ಣ ಇರಲಿಲ್ಲ. ನಾನೇ ಹೊಸ ಪಿನ್ನು ತಂದು, ಅಡುಗೆಮನೆಯ ಕಬ್ಬಿಣದ ಕುಟ್ಟಾಣಿಯಿಂದ ಬಡಿದು ಕೂರಿಸಿದೆ. ನೋಡಲು ಚೆಂದ ಇರಲಿ ಎಂದು ಎರಡರ ನಟ್ಟೂ ಒಂದೇ ಕಡೆಗೆ ಮುಖ ಮಾಡುವಂತೆ ಇಟ್ಟೆ. ಅವತ್ತಿನಿಂದ ಸೈಕಲ್ಲು ಸದ್ದು ಮಾಡುತ್ತಿತ್ತು, ತುಳಿದರೆ ಒಂದು ಕಾಲು ಮುಂಚೆ ಬರುತ್ತಿತ್ತು. ಏನು ತಪ್ಪಾಗಿದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಶಾಂತಾ ವೈನಿ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡರು. "ರೈಲಿನ್ಯಾಗ ಸೈಕಲ್ ತಂದೀ? ಹುಚ್ಚಿ ಇದ್ದೀ ನೀ" ಎಂದು ನಕ್ಕವರೇ ಕಣ್ಣೊರೆಸಿಕೊಂಡರು. ಅಣ್ಣ ಎಲ್ಲಿ ಹಾನ್ರಿ ಎಂದೆ. "ಒಳಗ ಹಾರ. ನಿನ್ನ ದನಿ ಕೇಳಿ ಹೊಳ್ಳಿ ಮಲಗ್ಯಾರ ನೋಡವ್ವ." ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತೆ. ಅಣ್ಣ ಗೋಡೆ ನೋಡುತ್ತಿದ್ದ. ಎಷ್ಟು ಸಣ್ಣಗಾಗಿದ್ದ! ಅವನ ಪಾದ ಹಿಡಿದುಕೊಂಡು ರೈಲಿನ ಅಜ್ಜಿಯ ಕಥೆ ಹೇಳಿದೆ. ಭುಜ ಸ್ವಲ್ಪ ಅಲುಗಿದಂತೆ ಕಂಡಿತು, ನಕ್ಕನೋ ಅತ್ತನೋ ತಿಳಿಯಲಿಲ್ಲ. ಅವತ್ತು ನಾನು ಹೆಚ್ಚು ಒತ್ತಾಯಿಸಲಿಲ್ಲ.

ಭಾನುವಾರ ಒಂಬತ್ತೂವರೆಗೆ ಸರಿಯಾಗಿ ಅವರ ಅಂಗಳದಲ್ಲಿ ಪೇಪರು ಹಾಸಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದೆ. ಒಳಗಿನವರಿಗೆ ಕೇಳಲೆಂದೇ ಪೆಡಲ್ ತಿರುವುತ್ತ ಕೂತೆ. ಕಟ್. ಕಟ್. ಕಟ್. ಹತ್ತು ನಿಮಿಷ ಕಳೆಯಿತು. ಕೈ ನೋಯತೊಡಗಿತು, ಮನಸ್ಸೂ ಸೋಲತೊಡಗಿತು. ಕೊನೆಗೆ ನಾನೇ ಬಿಚ್ಚೋಣ ಎಂದು ಪಿನ್ನಿನ ನಟ್ಟು ಪೂರ್ತಿ ತೆಗೆದು, ಬರಿಯ ಪಿನ್ನಿನ ತುದಿಗೆ ಸುತ್ತಿಗೆ ಎತ್ತಿದೆ.

"ಹಾ! ಹಾ!" ಎಂದು ಹಿಂದಿನಿಂದ ದನಿ ಬಂತು. ಅಣ್ಣ ಬಾಗಿಲಲ್ಲಿ ಕೋಲು ಊರಿ ನಿಂತಿದ್ದ, ಮುಖದಲ್ಲಿ ಹಳೆಯ ಸಿಟ್ಟು. ಏನೋ ಹೇಳಹೋದ. ಬಾಯಿಂದ ಬಂದದ್ದು "ನೀರು... ನೀರು". ಅದಲ್ಲವೆಂದು ಅವನಿಗೇ ಗೊತ್ತು. ತುಟಿ ಕಚ್ಚಿಕೊಂಡು ಹೊಳ್ಳಿ ಒಳಗೆ ಹೋಗಲು ತಿರುಗಿದ.

"ಮಾತು ಬ್ಯಾಡಣ್ಣ" ಎಂದೆ. "ನಂಗ ನಿನ್ನ ಮಾತು ಬ್ಯಾಡ, ಕಿವಿ ಸಾಕು. ಈ ಪಾನಾ ಹಿಡಿ. ನಾ ತಪ್ಪು ಮಾಡಿದ್ರ ಎರಡು ಸಲ ಬಡಿ. ಸರಿ ಇದ್ರ ಒಂದೇ ಸಲ." ಅವನು ನನ್ನ ಕಡೆ ತಿರುಗಿದ. ಆಮೇಲೆ ನಿಧಾನವಾಗಿ ಬಂದು ಸ್ಟೂಲಿನ ಮೇಲೆ ಕೂತು, ಎಡಗೈ ಚಾಚಿ ಪಾನಾ ತೆಗೆದುಕೊಂಡ. ಸೈಕಲ್ಲಿನ ಕೊಳವೆಗೆ ಎರಡು ಸಲ ಬಡಿದ. ಟಣ್ ಟಣ್.

ತೆಗೆದ ನಟ್ಟು ತೋರಿಸಿ, ಮತ್ತೆ ಹಾಕಲೇ ಎಂದೆ. ಟಣ್. ಪಿನ್ನಿನ ತುದಿಗೆ ಸಮನಾಗುವಂತೆ ನಟ್ಟು ಹಾಕಿ ಅದರ ಮೇಲೆ ಬಡಿದರೆ ಪಿನ್ನಿನ ಥ್ರೆಡ್ಡು ಹಾಳಾಗುವುದಿಲ್ಲ ಎಂದು ಆಗ ತಿಳಿಯಿತು. ಪಿನ್ನು ಹೊರಬಂತು. ಅದರ ಕುಟ್ಟಾಣಿ ಪೆಟ್ಟು ತಿಂದ ತಲೆ ನೋಡಿ ಅಣ್ಣ ಹುಬ್ಬು ಹಾರಿಸಿದ. ನಾನು ಮತ್ತೆ ಮೊದಲಿನಂತೆಯೇ ಚೆಂದಕ್ಕೆ ಇಡಹೋದೆ. ಟಣ್ ಟಣ್. ತಿರುಗಿಸಿ ಹಿಡಿದೆ. ಟಣ್. ಒಂದರ ನಟ್ಟು ಮೇಲೆ ಮುಖ ಮಾಡಿದಾಗ ಇನ್ನೊಂದರದು ಕೆಳಗೆ ಮುಖ ಮಾಡಬೇಕು, ಆಗಲೇ ಎರಡು ತೋಳೂ ನೇರ ನಿಲ್ಲುತ್ತವೆ. ಇಷ್ಟೇ ವಿಷಯ. ಇಷ್ಟಕ್ಕೆ ಒಂದು ತಿಂಗಳು ಕುಂಟುತ್ತ ಶಾಲೆಗೆ ಹೋಗಿದ್ದೆ.

ಪಿನ್ನು ಕೂರಿಸಿ ಗ್ರೀಸು ಹಚ್ಚಿದ ಮೇಲೆ ಅಣ್ಣನ ಬಲಗೈಯನ್ನು ಎತ್ತಿ ಪೆಡಲ್ಲಿನ ಮೇಲಿಟ್ಟೆ. ಅವನು ಎಳೆದುಕೊಳ್ಳಲಿಲ್ಲ. ಅದರ ಮೇಲೆ ನನ್ನ ಕೈಯಿಟ್ಟು ನಿಧಾನವಾಗಿ ತಿರುವಿದೆ. ಅವನು ಕಣ್ಣು ಮುಚ್ಚಿ ಕಿವಿಗೊಟ್ಟ. ಸದ್ದಿರಲಿಲ್ಲ. ವೈನಿ ಹಿಟ್ಟಿನ ಕೈಯಲ್ಲೇ ಹೊಸ್ತಿಲಲ್ಲಿ ಬಂದು ನಿಂತಿದ್ದರು, ಒಲೆಯ ಮೇಲೆ ರೊಟ್ಟಿ ಸೀಯುತ್ತಿದ್ದರೂ ಹೋಗಲಿಲ್ಲ.

ಸೋಮವಾರ ಮಧ್ಯಾಹ್ನ ಹೊರಟೆ. ಬರುವ ಭಾನುವಾರ ಫೋನ್ ಮಾಡುತ್ತೇನೆ ಎಂದು ಹೇಳಿದಾಗ ಅಣ್ಣ ನೆಲ ನೋಡಿದ. ಓಣಿಯ ತಿರುವಿನಲ್ಲಿ ಹಿಂದೆ ನೋಡಿದರೆ ಅವನು ಬಾಗಿಲ ತನಕ ಬಂದು ನಿಂತಿದ್ದ. ನನ್ನ ಪಾನಾ ಅವನ ಎಡಗೈಯಲ್ಲೇ ಉಳಿದಿತ್ತು. ನಾನು ಕೇಳಿ ತೆಗೆದುಕೊಳ್ಳಲಿಲ್ಲ, ನಾಸಿಕ್ ರೋಡಿನಲ್ಲಿ ಇಳಿದು ಬೇರೆಯದು ಕೊಂಡೆ.

ಭಾನುವಾರ ಬಾಲ್ಕನಿಯಲ್ಲಿ ಪೇಪರು ಹಾಸಿ, ತುಳಸಿ ಕುಂಡಕ್ಕೆ ಫೋನ್ ಆನಿಸಿ ಕರೆ ಮಾಡಿದೆ. ವೈನಿ ಎತ್ತಿದರು. "ತಡಿ, ಒಯ್ತೀನಿ" ಎಂದರು. ಆಮೇಲೆ ಮಾತಿಲ್ಲ, ಯಾರದೋ ಉಸಿರಷ್ಟೇ. ಅಣ್ಣಾ ಎಂದೆ. ಗೋಡೆಯ ಕಡೆ ತಿರುಗಿದನೇನೋ ಎನಿಸಿತು. ಬೇರೇನೂ ತೋಚದೆ ಪೆಡಲ್ ತಿರುವಿದೆ. ನನ್ನ ಕಿವಿಗೆ ಒಂದಿಷ್ಟೂ ಸದ್ದು ಕೇಳಲಿಲ್ಲ.

ಆಚೆಯಿಂದ ಕಿಟಕಿಯ ಸರಳಿಗೆ ಪಾನಾ ಬಡಿಯಿತು. ಟಣ್ ಟಣ್.

ತಪ್ಪು ಹಿಡಿದಿದ್ದ! ಕಣ್ಣೀರಿನಲ್ಲಿ ನಟ್ಟು ಸರಿಯಾಗಿ ಕಾಣಲಿಲ್ಲ, ತಡಕಾಡಿ ಪಾನಾ ಹಾಕಿದೆ. ಒಂದು ವಾರದ ಓಡಾಟಕ್ಕೆ ತಿರುಗಿಸಿ ಹಾಕಿದ್ದ ಪಿನ್ನು ಇನ್ನಷ್ಟು ಒಳಗೆ ಕೂತುಕೊಂಡು ನಟ್ಟು ಕಾಲು ಸುತ್ತು ಸಡಿಲವಾಗಿತ್ತು. ಬಿಗಿ ಮಾಡಿದೆ, ಮತ್ತೆ ತಿರುವಿದೆ. ಟಣ್. ರಿಪೇರಿ ಅಲ್ಲಿಗೆ ಮುಗಿದಿತ್ತು. ಅವನು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಒಂದು ಗಂಟೆ ಹಾಗೆಯೇ ಪೆಡಲ್ ತಿರುವುತ್ತ ಕೂತೆ.