ಕೌದಿ ಕಟ್ಟಿಕೊಂಡು ಗೋಲಿನಲ್ಲಿ ನಿಂತ ದಿನ

ನಾನು ಚಿಕ್ಕವಳಿದ್ದಾಗ ನನಗೆ ಅಂಜಿಕೆ ಹುಟ್ಟಿಸದ ವಸ್ತುವೇ ಇರಲಿಲ್ಲ. ಪಕ್ಕದ ಮನೆಯ ಬೆಕ್ಕು, ಸ್ಕೂಲಿನ ಗಂಟೆ, ಪೊರಿರುವಾದ ಗುಡ್ಡದ ಮೇಲಿದ್ದ ನಮ್ಮ ಮನೆಯ ಕಿಟಕಿಗಳನ್ನು ಗಡಗಡ ಅಲುಗಿಸುತ್ತಿದ್ದ ಗಾಳಿ, ಎಲ್ಲಕ್ಕೂ ಓಡಿಹೋಗಿ ಅವ್ವನ ಸೆರಗು ಹಿಡಿಯುತ್ತಿದ್ದೆ. ಅಪ್ಪ ಆಸ್ಪತ್ರೆಯಲ್ಲಿ ಡಾಕ್ಟರ್. ಅವನ ಕೆಲಸಕ್ಕಾಗಿಯೇ ನಾವೆಲ್ಲ ಧಾರವಾಡ ಬಿಟ್ಟು, ಸಮುದ್ರ ದಾಟಿ ಈ ಪರದೇಶದ ಊರಿಗೆ ಬಂದಿದ್ದೆವು. ಅಕ್ಕ ನನಗಿಂತ ದೊಡ್ಡವಳು, ಯಾವುದಕ್ಕೂ ಅಂಜದವಳು. ನನ್ನ ಪಾಲಿನ ಧೈರ್ಯವನ್ನೂ ಅವಳೇ ತಿಂದುಬಿಟ್ಟಿದ್ದಾಳೆ ಎಂದು ಅವ್ವ ನಗುತ್ತಿದ್ದಳು.

ಮಕ್ಕಳೇ, ನೀವು ಪ್ರತಿ ಶನಿವಾರ ಆಡುವ ಲ್ಯಾಕ್ರಾಸ್ ಲೀಗ್ ಇದೆಯಲ್ಲ, ಅದು ಆಗಷ್ಟೇ ಕಣ್ಣು ಬಿಟ್ಟಿತ್ತು. ಅಕ್ಕನ ಟೀಚರೊಬ್ಬರು ಎಲ್ಲಿಂದಲೋ ಹಳೆಯ ಕೋಲುಗಳನ್ನು ಎರವಲು ತಂದಿದ್ದರು. ಮರದ ಕೋಲು, ತುದಿಯಲ್ಲಿ ಚರ್ಮದ ದಾರದ ಬಲೆ. ಬಲೆಯಲ್ಲಿ ಚೆಂಡು ಹೊತ್ತು ಓಡಬೇಕು, ಬೀಸಿ ಎಸೆಯಬೇಕು. ಚೆಂಡೋ, ಗಟ್ಟಿ ರಬ್ಬರಿನದು, ಬಡಿದರೆ ಮೈ ಹಸಿರುಗಟ್ಟುತ್ತಿತ್ತು. ಸುತ್ತಲಿನ ಸ್ಕೂಲುಗಳಿಂದ ಹುಡುಗಿಯರನ್ನು ಹೆಕ್ಕಿ ಮೂರು ತಂಡ ಮಾಡಿದ್ದರು. ಲೀಗ್ ಎಂದರೆ ಅಷ್ಟೇ. ಒಂದು ತಂಡ ಹೋದರೂ ಆಟ ನಿಲ್ಲಿಸಿ ಕೋಲುಗಳನ್ನು ಹಿಂದಿರುಗಿಸುವುದಾಗಿ ಟೀಚರ್ ಹೇಳಿಬಿಟ್ಟಿದ್ದರು.

ಹೋಗುವ ಸ್ಥಿತಿಯಲ್ಲಿದ್ದದ್ದು ಅಕ್ಕನ ತಂಡವೇ. ಅವರ ಗೋಲ್‌ಕೀಪರ್ ಹುಡುಗಿಯ ಬಾಯಿಗೆ ಚೆಂಡು ಬಡಿದು ತುಟಿ ಸೀಳಿತ್ತು, ಮುಂದಿನ ಹಲ್ಲು ಮುರಿದಿತ್ತು. ಅವಳ ಮನೆಯವರು ಇನ್ನು ಕಳಿಸುವುದಿಲ್ಲ ಎಂದರು. ಬೇರೆ ಯಾರೂ ಆ ಜಾಗಕ್ಕೆ ಬರದೆ ಒಂದು ಪಂದ್ಯ ಕೈಬಿಟ್ಟುಹೋಯಿತು. ಇನ್ನೊಂದು ಸಲ ಹಾಗಾದರೆ ತಂಡ ಲೀಗಿನಿಂದ ಹೊರಗೆ.

"ಗೋಲಿನಾಗ ಈಕಿನ್ನ ನಿಲ್ಲಸ್ತೀನಿ," ಎಂದು ಅಕ್ಕ ಊಟಕ್ಕೆ ಕೂತಾಗ ನನ್ನತ್ತ ಬೆರಳು ಮಾಡಿದಳು. ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಆ ಹುಡುಗಿ ತುಟಿಗೆ ಹೊಲಿಗಿ ಹಾಕಿದಾಂವ ನಾನ," ಎಂದ ಅಪ್ಪ. "ಇದಕ್ಕ ನಾ ಒಲ್ಲೆ."

"ಈಕಿ ನಿಂದರಲಿಲ್ಲಂದ್ರ ಲೀಗ ಮುಗದಹೋತು, ಅಪ್ಪಾ. ಮತ್ತ ಯಾರೂ ಬರವಲ್ಲರು," ಎಂದು ಅಕ್ಕ ಅತ್ತುಬಿಟ್ಟಳು.

ಅಕ್ಕ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಂಜದವಳೇ ಅಳುತ್ತಿದ್ದಾಳೆ ಎಂದರೆ ಏನೋ ಮಹಾ ಕೇಡು ಬಂದಿರಬೇಕು ಎನಿಸಿತು. ಆ ಹೆದರಿಕೆಯಲ್ಲೇ ಹೂಂ ಎಂದುಬಿಟ್ಟೆ. ಅತ್ತ ದರಿ, ಇತ್ತ ಪುಲಿ.

ಅಪ್ಪ ಕಡೆಗೆ ಮಣಿದು, "ಮಾರಿಗೆ ಏನ ಕಟ್ಟತೀರಿ? ಎದಿಗೆ ಏನ ಕಟ್ಟತೀರಿ?" ಎಂದು ಕೇಳಿದ. ಮುಖಕ್ಕೆ ಸಾಫ್ಟ್‌ಬಾಲ್ ಆಡುವವರ ಕಬ್ಬಿಣದ ಮುಖವಾಡ ಸಿಕ್ಕಿತು. ಎದೆಗೆ ಏನೂ ಸಿಗಲಿಲ್ಲ. ಆಗ ಅವ್ವ ಎದ್ದು ಟ್ರಂಕಿನಿಂದ ಕೌದಿ ತೆಗೆದಳು. ತನ್ನ ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿದು ಊರಿನಿಂದ ಹೊತ್ತು ತಂದಿದ್ದ ಕೌದಿ ಅದು. ಅದನ್ನು ಮಡಚಿ, ಮತ್ತೆ ಮಡಚಿ, ದಬ್ಬಣದಿಂದ ಹೊಲಿದು, ಕುತ್ತಿಗೆಯಿಂದ ಮೊಣಕಾಲಿನವರೆಗೆ ಬರುವ ಹಾಗೆ ಮಾಡಿ, ಬೆನ್ನ ಹಿಂದೆ ಕಟ್ಟಲು ಲಂಗದ ಲಾಡಿಗಳನ್ನು ಹಚ್ಚಿದಳು.

"ಕಲ್ಲ ಬಡದರೂ ನಿನಗ ಪೆಟ್ಟ ಹತ್ತಂಗಿಲ್ಲ ನೋಡ," ಎಂದಳು. ನನಗೆ ನಂಬಿಕೆ ಬರಲಿಲ್ಲ.

ಶನಿವಾರ ಅವ್ವನ ಜೊತೆ ಮೈದಾನಕ್ಕೆ ಹೋದಾಗ ಆಕಾಶ ಕಪ್ಪಿಟ್ಟಿತ್ತು. ಮುಖವಾಡದೊಳಗೆ ಯಾರದೋ ಹಳೆಯ ಬೆವರಿನ ಕಮಟು ವಾಸನೆ. ಅದು ನನಗೆ ದೊಡ್ಡದಾಗಿ, ತಲೆ ಅಲ್ಲಾಡಿಸಿದರೆ ಒಂದು ಕಣ್ಣೇ ಮುಚ್ಚಿಹೋಗುತ್ತಿತ್ತು. ಎದುರು ತಂಡದ ಹುಡುಗಿಯೊಬ್ಬಳು ನನ್ನನ್ನು ನೋಡಿ, "ಈಸ್ ಶೀ ಗೋಯಿಂಗ್ ಟು ಬೆಡ್?" ಎಂದು ನಕ್ಕಳು. ನಾಚಿಕೆ ಪಡಲೂ ನನಗೆ ಪುರಸೊತ್ತಿರಲಿಲ್ಲ. ಅಷ್ಟು ಅಂಜಿದ್ದೆ.

"ಚೆಂಡು ಹಿಡಿಬ್ಯಾಡ, ಬಿಟ್ಟರ ಬಿಡು," ಎಂದು ಅಕ್ಕ ನನ್ನ ಲಾಡಿ ಬಿಗಿದಳು. "ಸೀಟಿ ಊದೂತನಾ ಇಲ್ಲೇ ನಿಂದ್ರು. ನೀ ಹೊಂಟಿ ಅಂದ್ರ ಆಟ ಮುಗೀತು."

ಆಟ ಶುರುವಾಯಿತು. ಕೋಲಿಗೆ ಕೋಲು ತಾಗಿ ಚಟಚಟ ಸದ್ದು. ಮೊದಲ ಚೆಂಡು ನನ್ನ ಕಿವಿಯ ಪಕ್ಕದಲ್ಲಿ ಸುಂಯ್ ಎಂದು ಹೋಗಿ ಹಿಂದಿನ ಬಲೆಗೆ ಬಿತ್ತು. ನನ್ನ ಚಡ್ಡಿ ಒದ್ದೆಯಾಗದಿದ್ದದ್ದೇ ಹೆಚ್ಚು. ಎರಡನೆಯದೂ ಗೋಲೇ. ಹೆದರಿದವರ ಮೇಲೆ ಹಾವು ಎಸೆದರಂತೆ ಎನ್ನುವ ಹಾಗೆ, ಅಷ್ಟರಲ್ಲಿ ಇಲ್ಲಿನ ಕೊರೆಯುವ ದಕ್ಷಿಣದ ಗಾಳಿ ಎದ್ದು ಮಳೆ ಅಡ್ಡಡ್ಡ ಬಾರಿಸತೊಡಗಿತು. ಚಳಿಗೆ ಹಲ್ಲು ಕಟಕಟ ಎಂದವು. ಮುರಿದ ಹಲ್ಲಿನ ಆ ಹುಡುಗಿ ನೆನಪಾಗಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ.

ಆಗ ಎದುರು ತಂಡದ ಎತ್ತರದ ಹುಡುಗಿ ಚೆಂಡು ಹೊತ್ತು ನೇರ ನನ್ನ ಕಡೆಗೇ ಓಡಿಬಂದಳು. ಅಡ್ಡ ಬಂದ ಅಕ್ಕ ಕೆಸರಿನಲ್ಲಿ ಜಾರಿ ಬಿದ್ದಳು. ಇನ್ನು ಯಾರೂ ಇರಲಿಲ್ಲ, ಅವಳು ಮತ್ತು ನಾನು. ಲೀಗ್ ಹಾಳಾಗಿ ಹೋಗಲಿ, ಅಕ್ಕ ಅತ್ತರೆ ಅಳಲಿ ಎಂದುಕೊಂಡು ಓಡಿಹೋಗಲು ತಿರುಗಿದೆ.

ಕಾಲು ಏಳಲಿಲ್ಲ. ಮಳೆಯ ನೀರನ್ನೆಲ್ಲ ಕುಡಿದ ಕೌದಿ ಬೀಸುವ ಕಲ್ಲಿನಷ್ಟು ಭಾರವಾಗಿ ಮೊಣಕಾಲಿಗೆ ಸುತ್ತಿಕೊಂಡಿತ್ತು. ಲಾಡಿ ಬಿಚ್ಚಲು ಕೈ ಹಿಂದಕ್ಕೆ ಹಾಕಿದೆ. ನೆನೆದ ಗಂಟು ಉಬ್ಬಿ ಬಿಗಿದುಹೋಗಿತ್ತು. ಜೀವ ಬಾಯಿಗೆ ಬಂತು. "ಅವ್ವಾ!" ಎಂದು ಕಿರುಚಿ ಕಣ್ಣು ಮುಚ್ಚಿದೆ.

ಧಪ್ ಎಂದು ಚೆಂಡು ಎದೆಗೆ ಬಡಿಯಿತು. ಕಣ್ಣು ಬಿಟ್ಟಾಗ ಅದು ನನ್ನ ಕಾಲ ಬುಡದಲ್ಲಿ ಕೆಸರಿನಲ್ಲಿ ಕೂತಿತ್ತು. ನೋವಾಗಿರಲಿಲ್ಲ. ಎದ್ದು ಬಂದ ಅಕ್ಕ ಚೆಂಡನ್ನು ಬಾಚಿಕೊಂಡು ಓಡಿದಳು. ಮುಂದೆ ಚೆಂಡುಗಳು ಬರುತ್ತಲೇ ಇದ್ದವು, ನಾನು ಅಳುತ್ತಲೇ ಇದ್ದೆ, ಜಾಗ ಮಾತ್ರ ಬಿಡಲಿಲ್ಲ. ಬಿಡಲು ಆಗಲಿಲ್ಲ. ಕೊನೆಯ ಸೀಟಿ ಊದುವ ಹೊತ್ತಿಗೆ ನಾವು ಸೋತು ಸುಣ್ಣವಾಗಿದ್ದೆವು.

"ಬ್ರೇವ್ ಗರ್ಲ್! ಒಂದು ಹೆಜ್ಜೆಯೂ ಕದಲಲಿಲ್ಲ!" ಎಂದು ಟೀಚರ್ ಇಂಗ್ಲಿಷಿನಲ್ಲಿ ಹೊಗಳಿದರು. ಕತ್ತರಿಯಿಂದ ನನ್ನ ಲಾಡಿ ಕತ್ತರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. ಅವಳ ಭುಜ ಅಲುಗುತ್ತಿತ್ತು, ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಅಕ್ಕ ಕೆಸರು ಮೆತ್ತಿದ ಕೈಗಳಿಂದಲೇ ನನ್ನನ್ನು ಅಪ್ಪಿಕೊಂಡಳು. ಲೀಗ್ ಉಳಿದಿತ್ತು.

ಈಗ ಅದರಲ್ಲಿ ಎಷ್ಟು ತಂಡಗಳೋ ನನಗೆ ಲೆಕ್ಕವೇ ಸಿಗುವುದಿಲ್ಲ. ಸಮುದ್ರದ ಆಚೆ ದಡದ ನೆಲ್ಸನ್‌ ಕಡೆಯಿಂದಲೂ ಮಕ್ಕಳು ಫೆರಿ ಹತ್ತಿ ಬರುತ್ತಾರೆ. ನಿಮ್ಮ ಕೋಲುಗಳು ಹೂವಿನಷ್ಟು ಹಗುರ. ತಲೆಗೆ ಹೆಲ್ಮೆಟ್, ಹಲ್ಲಿಗೆ ಗಾರ್ಡ್, ಎದೆಗೆ ಅಳತೆ ನೋಡಿ ತಂದ ಪ್ಯಾಡ್. ಬಿದ್ದರೆ "ಯು ಓಕೆ?" ಎಂದು ಓಡಿಬರುವ ಕೋಚ್. ಯಾರ ಹಲ್ಲೂ ಮುರಿಯುವುದಿಲ್ಲ. ನಿಮ್ಮಲ್ಲಿ ಚಿಕ್ಕವಳು ಗೋಲಿನಲ್ಲಿ ನಿಂತು ಚೂಯಿಂಗ್ ಗಮ್ ಅಗಿಯುತ್ತಾಳೆ!

ಆಟ ಮುಗಿದ ಮೇಲೆ ನೀವು ಬಂದು ನಾನು ಕೂತ ಕಾರಿನ ಗಾಜು ತಟ್ಟುತ್ತೀರಿ. "ಅಜ್ಜಿ, ವರ್ ಯು ಕೋಲ್ಡ್?" ಎಂದು ಕೇಳುತ್ತೀರಿ. ನಾನು ಹೌದೆಂದು ತಲೆಯಾಡಿಸುತ್ತೇನೆ. ಚಳಿಯಲ್ಲ ಮಕ್ಕಳೇ. ಅಂದು ಆ ಚೆಂಡು ನನ್ನ ಕಡೆಗೆ ಬರುತ್ತಿತ್ತು, ಈಗ ನಿಮ್ಮ ಕಡೆಗೆ ಬರುತ್ತದೆ. ಅದನ್ನು ಕಣ್ಣು ಬಿಟ್ಟು ನೋಡುವಷ್ಟು ಧೈರ್ಯ ಈ ಅಜ್ಜಿಗೆ ಇನ್ನೂ ಬಂದಿಲ್ಲ.